ಕೇಳುವವರಿಗೆ ಅತಿಥಿ ಮೊದಲೇ ಗೊತ್ತು

(ಸಮುದಾಯ ಬಾನುಲಿಗೆ ಹೊಸದಾಗಿ ಸೇರಿದ ಕಾರ್ಯಕರ್ತರ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಸಂದರ್ಶನ ಎಂದ ಕೂಡಲೇ ನಿಮ್ಮಲ್ಲಿ ಬಹಳ ಜನರ ಕಣ್ಣ ಮುಂದೆ ಬರುವುದು ಟಿವಿ. ಎದುರು ಬದುರು ಎರಡು ಕುರ್ಚಿ, ನಡುವೆ ಹೂದಾನಿ, ಒಬ್ಬರು ಪ್ರಸಿದ್ಧರು, ಒಬ್ಬರು ಪ್ರಶ್ನೆ ಕೇಳುವವರು. ಅಲ್ಲಿ ಅತಿಥಿ ನೋಡುಗರಿಗೆ ದೂರದವರು. ಆದ್ದರಿಂದ ಅವರು ಯಾರು, ಏನು, ಎಂಥವರು ಎಂದು ಹೇಳುವುದರಲ್ಲೇ ಅರ್ಧ ಸಮಯ ಕಳೆದರೂ ನಡೆಯುತ್ತದೆ.

ನಮ್ಮಲ್ಲಿ ಲೆಕ್ಕ ಬೇರೆ. ಸಮುದಾಯ ಬಾನುಲಿಯ ಪ್ರಸಾರ ಹತ್ತು ಹದಿನೈದು ಕಿಲೋಮೀಟರ್ ದಾಟಿದರೆ ಹೆಚ್ಚು. ನೀವು ಮೈಕಿನ ಮುಂದೆ ಕೂರಿಸಿದ ಮೇಷ್ಟರ ಕೈಯಲ್ಲಿ ಏಟು ತಿಂದವರು, ಅವರಿಗೆ ಸಾಲ ಕೊಟ್ಟವರು, ಅವರ ಹೊಲದ ಬದುವಿನ ಆಚೆ ಉಳುವವರು, ಅವರ ಬೀಗರು, ಎಲ್ಲರೂ ಆ ಹೊತ್ತಿಗೆ ರೇಡಿಯೋ ಕೇಳುತ್ತಿರುತ್ತಾರೆ. ಕೆಲವು ಸಂಗತಿಗಳಲ್ಲಿ ಕೇಳುಗರಿಗೆ ಅತಿಥಿಯ ಬಗ್ಗೆ ನಿಮಗಿಂತ ಹೆಚ್ಚು ಗೊತ್ತು. ಇವತ್ತು ನಾನು ಹೇಳುವುದೆಲ್ಲ ಈ ಒಂದು ಸಂಗತಿಯಿಂದ ಹುಟ್ಟಿದ್ದು. ಗೊತ್ತಿರುವ ಮನುಷ್ಯನಿಂದ ಗೊತ್ತಿಲ್ಲದ ಮಾತನ್ನು ಹೊರಡಿಸುವುದು ನಮ್ಮ ಕೆಲಸ.

ಹಾಗಾಗಿ ಮೊದಲು ಕತ್ತರಿ ಬೀಳಬೇಕಾದದ್ದು ಪರಿಚಯಕ್ಕೆ. ನಾನು ಆಕಾಶವಾಣಿಗೆ ಸೇರಿದ ಹೊಸದರಲ್ಲಿ ನಮ್ಮ ಹಿರಿಯ ಕಾರ್ಯಕ್ರಮ ನಿರ್ವಾಹಕರೊಬ್ಬರು ನಾನು ಬರೆದುಕೊಂಡು ಹೋದ ಒಂದು ಪುಟದ ಪರಿಚಯವನ್ನು ಓದಿ, "ಹುಟ್ಟಿದ ಊರು, ಓದಿದ ಶಾಲೆ, ತಂದೆ ತಾಯಿ ಹೆಸರು ಎಲ್ಲ ಹೇಳುವುದಕ್ಕೆ ಇವರೇನು ಹೆಣ್ಣು ನೋಡಲು ಬಂದಿದ್ದಾರೆಯೇ?" ಎಂದು ಕೇಳಿದರು. ಹಾಳೆಯನ್ನು ಹಿಂದಕ್ಕೆ ಕೊಟ್ಟು, ಎರಡು ವಾಕ್ಯ ಸಾಕು ಎಂದರು. ಒಂದರಲ್ಲಿ ಹೆಸರು ಮತ್ತು ಊರು, ಇನ್ನೊಂದರಲ್ಲಿ ಇವತ್ತು ಇವರನ್ನು ಯಾಕೆ ಕರೆದಿದ್ದೇವೆ ಎಂಬುದು. ಆ ಎರಡನೆಯ ವಾಕ್ಯ ಬರೆಯಲು ಆಗದಿದ್ದರೆ ಅತಿಥಿಯನ್ನು ಕರೆಯುವ ಮೊದಲು ಇನ್ನೊಮ್ಮೆ ಯೋಚಿಸಿ.

ಸ್ವಲ್ಪ ಇತಿಹಾಸ ಹೇಳಿ ಮುಂದಕ್ಕೆ ಹೋಗುತ್ತೇನೆ, ಯಾಕೆಂದರೆ ಸ್ಥಳೀಯ ಬಾನುಲಿ ಎಂಬುದು ಮೊನ್ನೆ ಮೊನ್ನೆ ಸರ್ಕಾರ ಕೊಟ್ಟ ಯೋಜನೆ ಎಂದು ಹಲವರು ತಿಳಿದಿದ್ದಾರೆ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನೋವಿಜ್ಞಾನ ಪಾಠ ಮಾಡುತ್ತಿದ್ದ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಿಂದಲೇ ಪ್ರಸಾರ ಶುರು ಮಾಡಿದರು. ಆರಂಭದ ಯಂತ್ರದ ಶಕ್ತಿ 30 ವಾಟ್. ಇವತ್ತು ನಿಮ್ಮ ಕೇಂದ್ರಕ್ಕೆ ಅನುಮತಿ ಇರುವುದು 100 ವಾಟ್ ವಿಕಿರಣ ಶಕ್ತಿಗೆ. ಆಗಿನದು ಬೇರೆ ತರಂಗ, ಈಗಿನದು ಎಫ್‌ಎಂ, ನೇರವಾಗಿ ಹೋಲಿಸುವ ಹಾಗಿಲ್ಲ. ಆದರೂ ಒಬ್ಬ ಮೇಷ್ಟರ ಮನೆಯ ಕೋಣೆಯಿಂದ, ಆ ಊರಿನ ವಿದ್ವಾಂಸರನ್ನೂ ಕಲಾವಿದರನ್ನೂ ಮಕ್ಕಳನ್ನೂ ಕರೆದು ಕೂರಿಸಿ, ಆ ಊರಿಗೇ ಕೇಳಿಸುವ ಪ್ರಸಾರಕ್ಕೆ ಬೇರೆ ಯಾವ ಹೆಸರು ಕೊಡುತ್ತೀರಿ? ಮುಂದೆ ಅದು ಸಂಸ್ಥಾನದ ಆಡಳಿತಕ್ಕೆ ಸೇರಿತು, ಆಮೇಲೆ ಆಕಾಶವಾಣಿಯ ಭಾಗವಾಯಿತು, 1955ರಲ್ಲಿ ನಿಲಯ ಬೆಂಗಳೂರಿಗೆ ಹೋಯಿತು. ದೊಡ್ಡದಾದ ಮೇಲೆ ಊರಿನಿಂದ ದೂರವಾಗುವುದು ಎಲ್ಲ ಸಂಸ್ಥೆಗಳ ಹಣೆಬರಹ. ಮೈಸೂರಿಗೆ ಮತ್ತೆ ಸ್ವಂತ ನಿಲಯ ಬರಲು 1974ರವರೆಗೆ ಕಾಯಬೇಕಾಯಿತು.

ಕಾನೂನಿನ ಕಡೆಯಿಂದ ಬಾಗಿಲು ತೆರೆದದ್ದು 1995ರಲ್ಲಿ. ಗಾಳಿಯ ಅಲೆಗಳು ಸಾರ್ವಜನಿಕ ಸ್ವತ್ತು ಎಂದು ಸುಪ್ರೀಂ ಕೋರ್ಟ್ ಹೇಳಿತು. ಆದರೂ 2002ರಲ್ಲಿ ಮೊದಲು ಅನುಮತಿ ಸಿಕ್ಕಿದ್ದು ಶಿಕ್ಷಣ ಸಂಸ್ಥೆಗಳಿಗೆ ಮಾತ್ರ. ಸ್ವಯಂಸೇವಾ ಸಂಸ್ಥೆಗಳಿಗೆ ಅವಕಾಶ ಬಂದದ್ದು 2006ರ ಕೊನೆಗೆ. ನಡುವಿನ ಆ ವರ್ಷಗಳಲ್ಲಿ ಕೋಲಾರ ಜಿಲ್ಲೆಯ ಬೂದಿಕೋಟೆಯ ಜನ ಏನು ಮಾಡಿದರು ಗೊತ್ತೇ? ಗಾಳಿಯಲ್ಲಿ ಬಿಡಲು ಪರವಾನಗಿ ಇಲ್ಲ, ಸರಿ, ತಂತಿಯಲ್ಲಿ ಬಿಡೋಣ ಎಂದರು. 'ನಮ್ಮ ಧ್ವನಿ' ಎಂಬ ಹೆಸರಿನಲ್ಲಿ ತಾವೇ ಮಾಡಿದ ಕಾರ್ಯಕ್ರಮಗಳನ್ನು ಕೇಬಲ್ ಮೂಲಕ ಮನೆಗಳಿಗೆ ತಲುಪಿಸಿದರು. ಕೆಲಸ ಮಾಡಬೇಕು ಎಂದಿರುವವರಿಗೆ ದಾರಿ ಸಿಗುತ್ತದೆ. ಇವತ್ತು ಸರಗೂರಿನಲ್ಲಿ ಜನಧ್ವನಿ ಇದೆ, ಮಣಿಪಾಲದಲ್ಲಿ, ತುಮಕೂರಿನಲ್ಲಿ ಇವೆ. ಮಂಗಳೂರಿನ ರೇಡಿಯೋ ಸಾರಂಗ್ ಕನ್ನಡದ ಜೊತೆಗೆ ತುಳು, ಕೊಂಕಣಿ, ಬ್ಯಾರಿ ಭಾಷೆಗಳಲ್ಲೂ ಮಾತಾಡುತ್ತದೆ.

ನಿಯಮದಲ್ಲಿ ಇನ್ನೊಂದು ಮಾತಿದೆ. ಸಮುದಾಯ ಬಾನುಲಿ ತಾನಾಗಿ ಸುದ್ದಿ, ರಾಜಕೀಯ ವಿದ್ಯಮಾನ ಪ್ರಸಾರ ಮಾಡುವಂತಿಲ್ಲ. ಹವಾಮಾನ, ಪರೀಕ್ಷೆ, ನೀರು ಕರೆಂಟು, ಜಾತ್ರೆ ಇಂಥವಕ್ಕೆ ಅಡ್ಡಿಯಿಲ್ಲ. ಈ ನಿರ್ಬಂಧ ಸರಿಯೋ ತಪ್ಪೋ ಎಂಬ ವಾದಕ್ಕೆ ಇವತ್ತು ಇಳಿಯುವುದಿಲ್ಲ, ನನ್ನ ಮಟ್ಟಿಗೆ ಅದು ತಪ್ಪು. ಅದರಿಂದ ಆದ ಒಂದು ಪರಿಣಾಮವನ್ನು ಮಾತ್ರ ಗಮನಿಸಿ. ಊರಿನ ವಿಷಯ ಊರಿಗೆ ಮುಟ್ಟಿಸಲು ನಮ್ಮ ಕೈಯಲ್ಲಿ ಉಳಿದಿರುವ ದೊಡ್ಡ ಸಾಧನ ಸಂದರ್ಶನ. ಕೆರೆ ಒತ್ತುವರಿಯ ಸುದ್ದಿಯನ್ನು ಓದಿ ಹೇಳುವಂತಿಲ್ಲ, ಆದರೆ ಆ ಕೆರೆಯ ಏರಿಯ ಮೇಲೆ ಹುಟ್ಟಿ ಬೆಳೆದ ಅಜ್ಜಿಯನ್ನು ಕೂರಿಸಿ ಆಗ ನೀರು ಎಲ್ಲಿಯವರೆಗೆ ನಿಲ್ಲುತ್ತಿತ್ತು ಎಂದು ಕೇಳಬಹುದು. ಕೇಳುವವರು ತಾವೇ ಅಳತೆ ಹಾಕಿಕೊಳ್ಳುತ್ತಾರೆ.

ಈಗ ಲೇಖಕರ ವಿಷಯಕ್ಕೆ ಬರೋಣ. ಲೇಖಕರ ಸಂದರ್ಶನ ಸುಲಭ ಎಂದು ಎಲ್ಲರೂ ತಿಳಿಯುತ್ತಾರೆ, ಮಾತು ಬಲ್ಲವರು, ಎರಡು ಪ್ರಶ್ನೆ ಎಸೆದರೆ ಅರ್ಧ ಗಂಟೆ ತಾವೇ ತುಂಬಿಸುತ್ತಾರೆ ಎಂದು. ಅದೇ ಅಪಾಯ. ನಮ್ಮ ಬಾನುಲಿಗಳಲ್ಲಿ ಲೇಖಕರಿಗೆ ಕೇಳುವ ಪ್ರಶ್ನೆಗಳು ಅಷ್ಟೋತ್ತರದ ಹಾಗೆ ಎಲ್ಲರಿಗೂ ಬಾಯಿಪಾಠ. ನಿಮ್ಮ ಬರವಣಿಗೆಗೆ ಪ್ರೇರಣೆ ಯಾರು? ನಿಮ್ಮ ಮೇಲೆ ಪ್ರಭಾವ ಬೀರಿದ ಸಾಹಿತಿಗಳು ಯಾರು? ಯುವ ಬರಹಗಾರರಿಗೆ ನಿಮ್ಮ ಕಿವಿಮಾತೇನು? ಪ್ರಶ್ನೆ ಹಳೆಯದಾದರೆ ಉತ್ತರವೂ ಹಳೆಯದೇ. ಲೇಖಕರು ಅದೇ ಉತ್ತರವನ್ನು ಕಾಲೇಜಿನ ಸಮಾರಂಭದಲ್ಲಿ, ಪುಸ್ತಕ ಬಿಡುಗಡೆಯಲ್ಲಿ, ಪತ್ರಿಕೆಯ ಪುರವಣಿಯಲ್ಲಿ ಕೊಟ್ಟು ನುಣುಪಾಗಿಸಿಕೊಂಡಿರುತ್ತಾರೆ. ಅದರಲ್ಲಿ ಹಿಡಿತ ಸಿಗುವುದಿಲ್ಲ.

ಇದಕ್ಕೆಲ್ಲ ಮೂಲ ಒಂದೇ. ಪುಸ್ತಕ ಓದದೆ ಹೋಗುವುದು. ಬೆನ್ನುಡಿ ಓದಿ ಸಂದರ್ಶನಕ್ಕೆ ಕೂತವರನ್ನು ಲೇಖಕರು ಎರಡನೇ ಪ್ರಶ್ನೆಗೇ ಗುರುತು ಹಿಡಿಯುತ್ತಾರೆ. ಆಮೇಲೆ ಅವರು ಔದಾರ್ಯದಿಂದ ಮಾತಾಡುತ್ತಾರೆ, ಆಸೆಯಿಂದ ಮಾತಾಡುವುದಿಲ್ಲ. ಇಡೀ ಪುಸ್ತಕ ಓದಲು ಸಮಯವಿಲ್ಲ ಎನ್ನುತ್ತೀರಾ? ಹಾಗಾದರೆ ಐದು ಪುಟವನ್ನಾದರೂ ಪೆನ್ಸಿಲ್ ಹಿಡಿದು ಓದಿ. ಐದು ಪುಟ ಚೆನ್ನಾಗಿ ಓದಿದವರು ಕೇಳುವ ಪ್ರಶ್ನೆ, ಐನೂರು ಪುಟ ತಿರುವಿ ಹಾಕಿದವರ ಪ್ರಶ್ನೆಗಿಂತ ಎಷ್ಟೋ ಮೇಲು.

ಇನ್ನೊಂದು ಉಪಾಯ ಹೇಳುತ್ತೇನೆ, ಇದು ಬಾನುಲಿಗೆ ಮಾತ್ರ ಒದಗುವಂಥದು. ಲೇಖಕರಿಂದ ಒಂದು ಪುಟ ಓದಿಸಿ. ಓದಿಸಿ ಸುಮ್ಮನಾಗಬೇಡಿ, ಒಂದು ವಾಕ್ಯದ ಹತ್ತಿರ ನಿಲ್ಲಿಸಿ. "ಈ ಪಾತ್ರ ಬಸ್ಸಿನಿಂದ ಇಳಿದು ಸೀದಾ ಮನೆಗೆ ಹೋಗುವುದನ್ನು ಬಿಟ್ಟು ಹಿಟ್ಟಿನ ಗಿರಣಿಯ ಮುಂದೆ ಯಾಕೆ ನಿಂತ?" ಎಂದು ಕೇಳಿ. ಬರಹಗಾರರಿಗೆ ಬದುಕಿನ ತತ್ವದ ಬಗ್ಗೆ ತಯಾರಾದ ಉತ್ತರ ಇರುತ್ತದೆ, ಹಿಟ್ಟಿನ ಗಿರಣಿಯ ಬಗ್ಗೆ ಇರುವುದಿಲ್ಲ. ಅಲ್ಲಿ ಅವರು ಯೋಚಿಸಲೇಬೇಕು. ಯೋಚಿಸುವ ಮನುಷ್ಯನ ದನಿ ಬೇರೆ, ಒಪ್ಪಿಸುವ ಮನುಷ್ಯನ ದನಿ ಬೇರೆ. ಆ ವ್ಯತ್ಯಾಸ ಕೇಳುಗರ ಕಿವಿಗೆ ತಕ್ಷಣ ಗೊತ್ತಾಗುತ್ತದೆ. ಅದರ ಮೇಲೆ, ಆ ಗಿರಣಿ ನಿಮ್ಮ ಊರಿನದೇ ಆಗಿರಬಹುದು. ಗಿರಣಿಯವರೂ ಕೇಳುತ್ತಿರಬಹುದು.

ಊರಿನ ಲೇಖಕರಿಗೆ ಒಂದು ವಿಶೇಷ ತೊಡಕು ಇದೆ. ರಾಜಧಾನಿಯಲ್ಲಿ ಅವರು ಸಾಹಿತಿ. ಊರಿನಲ್ಲಿ ಬ್ಯಾಂಕಿನ ಕ್ಯಾಷಿಯರ್, ಹೈಸ್ಕೂಲು ಟೀಚರ್, ಪಶು ಆಸ್ಪತ್ರೆಯ ಡಾಕ್ಟರ್. ಅವರು ಬರೆದದ್ದನ್ನು ಓದಿದವರು ಕಡಿಮೆ, ಆದರೆ ಯಾರನ್ನು ಕುರಿತು ಬರೆದಿದ್ದಾರೆ ಎಂದು ಊಹಿಸದವರು ಇನ್ನೂ ಕಡಿಮೆ. ಒಮ್ಮೆ ಒಬ್ಬ ಕಾದಂಬರಿಕಾರ್ತಿಯ ಮನೆಗೆ ಹೊರಾಂಗಣ ಧ್ವನಿಮುದ್ರಣಕ್ಕೆ ಹೋಗಿದ್ದೆವು. ಅವರು ಶಾಲೆಯಲ್ಲಿ ಗಣಿತದ ಟೀಚರ್. ಕಾದಂಬರಿಯಲ್ಲಿ ಒಬ್ಬ ಅತ್ತೆ ಇದ್ದಾಳೆ, ಅಳತೆಗೋಲು ಹಿಡಿದು ಸಕ್ಕರೆ ಹಾಕುವಂಥವಳು. ಸಂದರ್ಶನಕ್ಕೆ ನಮ್ಮ ಜೊತೆ ಬಂದಿದ್ದ ಹುಡುಗ ಸುತ್ತಿ ಬಳಸಿ, "ಈ ಪಾತ್ರ ನಿಜ ಜೀವನದಿಂದ ಬಂದದ್ದೇ, ಮೇಡಂ?" ಎಂದ. ಅವರು, "ಅದು ಹಲವರನ್ನು ಸೇರಿಸಿ ಮಾಡಿದ ಪಾತ್ರ" ಎಂದು ಎಲ್ಲ ಬರಹಗಾರರೂ ಹೇಳುವ ಮಾತು ಶುರು ಮಾಡಿದರು. ಅಷ್ಟರಲ್ಲಿ ಅಡುಗೆಮನೆಯಿಂದ ಅತ್ತೆಯ ದನಿ ಬಂತು: "ಹಲವರೇನೂ ಇಲ್ಲ, ನಾನೊಬ್ಬಳೇ. ಆದರೆ ಸಕ್ಕರೆ ವಿಷಯ ಸುಳ್ಳು, ಅಕ್ಕಿ ಮಾತ್ರ ಅಳೆಯುತ್ತಿದ್ದೆ." ಟೀಚರ್ ಮುಖ ಮುಚ್ಚಿಕೊಂಡು ನಕ್ಕರು. ಹುಡುಗ ಧ್ವನಿಮುದ್ರಣ ನಿಲ್ಲಿಸಲು ಕೈ ಚಾಚಿದ, ನಾನು ಕೈ ಹಿಡಿದುಕೊಂಡೆ. ಅತ್ತೆಯನ್ನೇ ಹೊರಗೆ ಕರೆದು ಕೂರಿಸಿದೆವು. ಆಮೇಲಿನ ಕಾಲು ಗಂಟೆ ಅತ್ತೆ ಸೊಸೆ ಒಂದು ಕಾದಂಬರಿಯ ಬಗ್ಗೆ ಜಗಳವಾಡಿದರು. ಯಾವುದು ನಡೆದದ್ದು, ಯಾವುದು ಕಟ್ಟಿದ್ದು, ಕಟ್ಟಿದ್ದನ್ನು ಯಾಕೆ ಕಟ್ಟಿದ್ದು, ರೇಷನ್ ಅಂಗಡಿಯ ಮುಂದೆ ಸಾಲು ನಿಂತ ಕಾಲದಲ್ಲಿ ಅಕ್ಕಿ ಅಳೆಯದೆ ಬೇರೆ ದಾರಿ ಏನಿತ್ತು. ಕಾದಂಬರಿಯ ರಚನೆಯ ಬಗ್ಗೆ ಅಷ್ಟು ಒಳ್ಳೆಯ ಚರ್ಚೆಯನ್ನು ನಾನು ವಿಚಾರ ಸಂಕಿರಣಗಳಲ್ಲಿ ಕೇಳಿಲ್ಲ.

ಇಬ್ಬರ ಒಪ್ಪಿಗೆಯೂ ಪಡೆದೇ ಅದನ್ನು ಪ್ರಸಾರ ಮಾಡಿದ್ದು. ಒಪ್ಪಿಗೆಯ ವಿಷಯಕ್ಕೆ ಮುಂದೆ ಬರುತ್ತೇನೆ.

ಲೇಖಕರಿಗೂ ಬಾನುಲಿಗೂ ನಮ್ಮಲ್ಲಿ ಹಳೆಯ ನಂಟು. ಧಾರವಾಡ ಆಕಾಶವಾಣಿ ಶುರುವಾದದ್ದು 1950ರ ಜನವರಿಯಲ್ಲಿ. 1956ರಲ್ಲಿ ಬೇಂದ್ರೆಯವರೇ ಆ ನಿಲಯದ ಸಲಹೆಗಾರರಾದರು. ಯೋಚಿಸಿ, ಸಂದರ್ಶನಕ್ಕೆ ಕರೆಯಬೇಕಾದವರು ಕಚೇರಿಯಲ್ಲೇ ಕೂತಿದ್ದಾರೆ! ಬರಹಗಾರರನ್ನು ಒಳಗೆ ಕೂರಿಸಿಕೊಂಡ ನಿಲಯಗಳಲ್ಲಿ ಮಾತಿನ ಕಾರ್ಯಕ್ರಮಗಳಿಗೆ ಒಂದು ಹದ ಬಂತು. ಅದೇ ಹೊತ್ತಿಗೆ ಒಂದು ರೋಗವೂ ಅಂಟಿತು ಎಂದು ನನ್ನ ಅನಿಸಿಕೆ. ಎಲ್ಲವನ್ನೂ ಮೊದಲೇ ಬರೆದು ತರಬೇಕು ಎಂಬ ಅಭ್ಯಾಸ. ಭಾಷಣಕ್ಕೆ ಅದು ಸರಿ. ಸಂದರ್ಶನದ ಪ್ರಶ್ನೆ ಉತ್ತರ ಎರಡನ್ನೂ ಬರೆದು ತಂದು, ಇಬ್ಬರೂ ಹಾಳೆ ನೋಡಿ ಓದಿ, "ಹೌದೇ? ಬಹಳ ಕುತೂಹಲಕಾರಿ!" ಎಂದು ಅಚ್ಚರಿಯನ್ನೂ ಓದಿ ಹೇಳುತ್ತಿದ್ದ ಕಾಲವನ್ನು ನಾನು ಕಂಡಿದ್ದೇನೆ. ಪ್ರಶ್ನೆಗಳ ಪಟ್ಟಿ ನಿಮ್ಮ ಜೇಬಿನಲ್ಲಿರಲಿ, ಅತಿಥಿಯ ಕೈಗೆ ಕೊಡಬೇಡಿ. ವಿಷಯ ಯಾವುದು ಎಂದು ತಿಳಿಸಿದರೆ ಸಾಕು.

ವಿಷಯ ಬಿಟ್ಟು ಸ್ವಲ್ಪ ದೂರ ಹೋಗಿ ಬರುತ್ತೇನೆ. ಅಮೆರಿಕದ ಶಿಕಾಗೋ ನಗರದಲ್ಲಿ ಸ್ಟಡ್ಸ್ ಟರ್ಕೆಲ್ ಎಂಬ ಒಬ್ಬರಿದ್ದರು. ಆ ಊರಿನ ಒಂದೇ ರೇಡಿಯೋ ಕೇಂದ್ರದಲ್ಲಿ 1952ರಿಂದ 1997ರವರೆಗೆ ನಲವತ್ತೈದು ವರ್ಷ ಸಂದರ್ಶನ ಮಾಡಿದರು. ಜಗತ್ತಿನ ದೊಡ್ಡ ಲೇಖಕರನ್ನು ಮಾತಾಡಿಸಿದ ಅದೇ ಮನುಷ್ಯ ಕಾರ್ಖಾನೆಯ ಕೂಲಿಗಳನ್ನೂ ಹೋಟೆಲಿನ ಪರಿಚಾರಿಕೆಯರನ್ನೂ ಮಾತಾಡಿಸಿದರು. ಲೇಖಕರು ಬಂದರೆ ಅವರ ಪುಸ್ತಕ ಗೆರೆ ಎಳೆದು, ಅಂಚಿನಲ್ಲಿ ಬರೆದು, ಪೂರ್ತಿ ಓದಿರುತ್ತಿದ್ದರು. ಟೇಪ್ ರೆಕಾರ್ಡರ್ ವಿಷಯದಲ್ಲಿ ಮಾತ್ರ ಅವರ ಕೈ ಓಡುತ್ತಿರಲಿಲ್ಲ. ಗುಂಡಿಗಳ ಜೊತೆ ಒದ್ದಾಡುತ್ತಿದ್ದರು, ಆಗ ಎದುರಿಗಿರುವವರೇ ಮುಂದೆ ಬಂದು ಸಹಾಯ ಮಾಡುತ್ತಿದ್ದರು. ಅದರಿಂದ ಅವರ ಅಳುಕು ಹೋಗುತ್ತಿತ್ತು. ಒಮ್ಮೆ ಬಡವರ ವಸತಿ ಬಡಾವಣೆಯೊಂದರಲ್ಲಿ ಒಬ್ಬ ತಾಯಿಯನ್ನು ಮಾತಾಡಿಸಿದಾಗ ಅವಳ ಮಕ್ಕಳು ಅಮ್ಮನ ದನಿ ಕೇಳಬೇಕೆಂದು ಹಠ ಹಿಡಿದರು. ಟೇಪ್ ಹಾಕಿದರು. ತನ್ನ ಮಾತನ್ನು ತಾನೇ ಕೇಳಿದ ಆ ಹೆಂಗಸು ಬಾಯಿಯ ಮೇಲೆ ಕೈಯಿಟ್ಟು, ನನ್ನೊಳಗೆ ಹೀಗೆಲ್ಲ ಇದೆ ಎಂದು ನನಗೇ ಗೊತ್ತಿರಲಿಲ್ಲ ಎಂಬರ್ಥದ ಮಾತು ಹೇಳಿದಳಂತೆ. ಟರ್ಕೆಲ್ ಈ ಪ್ರಸಂಗವನ್ನು ಮತ್ತೆ ಮತ್ತೆ ಹೇಳುತ್ತಿದ್ದರು. ಯಂತ್ರ ಬಾರದಿರುವುದು ದೊಡ್ಡ ಗುಣ ಎಂದು ನಾನು ಹೇಳುತ್ತಿಲ್ಲ, ಇಲ್ಲಿ ಕೂತಿರುವ ನಮ್ಮ ತಂತ್ರಜ್ಞರು ಸಿಟ್ಟಾಗುತ್ತಾರೆ.

ಅವರು ಸಿಟ್ಟಾಗುವ ಮೊದಲು ಧ್ವನಿಯ ವಿಷಯ ಎರಡು ಮಾತು. ಮನೆಯಲ್ಲಿ ಧ್ವನಿಮುದ್ರಣ ಮಾಡುವಾಗ ಫ್ಯಾನ್ ನಿಲ್ಲಿಸಿ, ಫ್ರಿಜ್ಜಿನ ಸದ್ದು ಇದೆಯೇ ಕಿವಿಗೊಟ್ಟು ನೋಡಿ. ಕುಕ್ಕರ್ ಕೂಗಿದರೆ ಕೂಗಲಿ, ಕೋಳಿ ಕೂಗಿದರೂ ಕೂಗಲಿ, ಅದು ಊರಿನ ದನಿ. ಆದರೆ ಒಂದೇ ಸಮ ಗುಂಯ್ ಎನ್ನುವ ಸದ್ದು ಬೇಡ, ಅದು ಮಾತನ್ನು ತಿನ್ನುತ್ತದೆ. ಪ, ಬ, ಭ ಅಕ್ಷರಗಳು ಮೈಕಿಗೆ ನೇರವಾಗಿ ಬಡಿಯುತ್ತವೆ. ಮೈಕನ್ನು ಬಾಯಿಯ ಎದುರಿಗೆ ಹಿಡಿಯದೆ ತುಸು ಓರೆಯಾಗಿ ಗಲ್ಲದ ಕಡೆ ಇಡಿ. ಗಾಜಿನ ಬಳೆಯ ಸದ್ದಿನ ಸಮಸ್ಯೆ ನಿಮಗೆಲ್ಲ ಗೊತ್ತಿದೆ. ಬಳೆ ತೆಗೆಯಿರಿ ಎಂದು ಯಾವ ಹೆಂಗಸಿಗೂ ಹೇಳಬೇಡಿ, ಹಳ್ಳಿಯಲ್ಲಿ ಆ ಮಾತಿಗೆ ಬೇರೆಯೇ ಅರ್ಥ ಬರುತ್ತದೆ. ಒಂದು ಕರವಸ್ತ್ರ ಕೊಟ್ಟು ಬಳೆಗಳ ಮೇಲೆ ಸುತ್ತಿಕೊಳ್ಳಲು ಹೇಳಿ, ಅಥವಾ ಸೆರಗನ್ನು ಕೈ ಸುತ್ತ ತರಲು ಹೇಳಿ. ಎಲ್ಲ ಮುಗಿದ ಮೇಲೆ ಯಾರೂ ಮಾತಾಡದೆ ಒಂದು ನಿಮಿಷ ಆ ಕೋಣೆಯ ಮೌನವನ್ನು ಮುದ್ರಿಸಿಕೊಳ್ಳಿ. ಸಂಕಲನ ಮಾಡುವಾಗ ಮಾತಿನ ತುಂಡುಗಳ ನಡುವೆ ಇಡಲು ಅದು ಬೇಕಾಗುತ್ತದೆ. ಉಳಿದದ್ದನ್ನು ಅವರು ನನಗಿಂತ ಚೆನ್ನಾಗಿ ಕಲಿಸುತ್ತಾರೆ.

ಇನ್ನು ಊರಿನ ಗಣ್ಯರು. ನಮ್ಮ ಅತಿಥಿಗಳ ಪಟ್ಟಿ ತೆಗೆದು ನೋಡಿದರೆ ಇಸ್ತ್ರಿ ಮಾಡಿದ ಬಿಳಿ ಅಂಗಿಯವರದೇ ಕಾರುಬಾರು. ಸಂಘದ ಅಧ್ಯಕ್ಷರು, ನಿವೃತ್ತ ಅಧಿಕಾರಿಗಳು, ದಾನಿಗಳು. ಹೆಂಗಸರು ಮಾರ್ಚ್ ಎಂಟಕ್ಕೆ ಬರುತ್ತಾರೆ, ದಲಿತರು ಏಪ್ರಿಲ್ ಹದಿನಾಲ್ಕಕ್ಕೆ, ರೈತರು ಡಿಸೆಂಬರ್ ಇಪ್ಪತ್ತಮೂರಕ್ಕೆ. ಉಳಿದ ದಿನಗಳಲ್ಲಿ ಇವರೆಲ್ಲ ಎಲ್ಲಿ ಹೋಗಿರುತ್ತಾರೆ? ಬಿಳಿ ಅಂಗಿಯವರನ್ನು ಕರೆಯಬೇಡಿ ಎನ್ನುವುದಿಲ್ಲ, ಅವರಲ್ಲೂ ಕಥೆಗಳಿವೆ. ಆದರೆ ಅವರಿಗೆ ಮಾತಾಡಲು ವೇದಿಕೆ ಹೇಗೂ ಇದೆ, ನಾವು ಕರೆಯದಿದ್ದರೂ ಮಾತಾಡುತ್ತಾರೆ.

ಮಾತಾಡಿ ಅಭ್ಯಾಸವಿಲ್ಲದವರನ್ನು ಕರೆದಾಗ ನಡೆಯುವುದು ಹೀಗೆ. ಒಬ್ಬ ನೀರುಗಂಟಿಯವರನ್ನು ಕರೆದಿದ್ದೆವು. ಇಲ್ಲಿರುವ ಪೇಟೆಯ ಹುಡುಗರಿಗಾಗಿ ಹೇಳುತ್ತೇನೆ, ಕೆರೆಯ ತೂಬು ಎತ್ತಿ ಇಳಿಸಿ ಗದ್ದೆಗಳಿಗೆ ನೀರು ಹಂಚುವವರು ನೀರುಗಂಟಿ. ಸುಗ್ಗಿಯಲ್ಲಿ ಪ್ರತಿ ರೈತನಿಂದ ಇಷ್ಟು ಎಂದು ಕಾಳು ಬರುತ್ತಿತ್ತು, ಅದೇ ಸಂಬಳ. ನಮ್ಮ ಸಂದರ್ಶಕಿ, "ಇಂದಿನ ದಿನಗಳಲ್ಲಿ ನೀರಿನ ಮಹತ್ವದ ಬಗ್ಗೆ ನಮ್ಮ ಕೇಳುಗರಿಗೆ ಏನು ಹೇಳಲು ಬಯಸುತ್ತೀರಿ?" ಎಂದಳು. ಆ ಹಿರಿಯರು ನೆಟ್ಟಗೆ ಕೂತು, ಅಧಿಕಾರಿಗಳ ಸಭೆಯಲ್ಲಿ ಕೇಳಿದ ಭಾಷಣವನ್ನೇ ಒಪ್ಪಿಸಿದರು. ನೀರು ಅಮೂಲ್ಯ, ಹನಿ ಹನಿಯನ್ನೂ ಉಳಿಸಬೇಕು. ಮೂರು ನಿಮಿಷದಲ್ಲಿ ಎಲ್ಲ ಮುಗಿಯಿತು. ಅವರೂ ಬೆವರಿದ್ದರು, ಅವಳೂ ಬೆವರಿದ್ದಳು.

ನೀರು ಕೊಟ್ಟು ಸ್ವಲ್ಪ ಹೊತ್ತು ಬಿಟ್ಟು ಅವಳಿಗೆ ಒಂದೇ ಮಾತು ಹೇಳಿದೆ. ಅಭಿಪ್ರಾಯ ಕೇಳಬೇಡ, ಕೆಲಸ ಕೇಳು. ಅವಳು ಬುದ್ಧಿವಂತೆ, ಹಿಡಿದುಬಿಟ್ಟಳು. "ಅಜ್ಜ, ತೂಬು ತೆಗೆಯಲು ನೀರಿಗೆ ಇಳಿಯುತ್ತೀರಲ್ಲ, ಸರಿಯಾಗಿ ಬಿಚ್ಚಿಕೊಂಡಿತು ಎಂದು ಹೇಗೆ ಗೊತ್ತಾಗುತ್ತದೆ?" ಎಂದು ಕೇಳಿದಳು. ಮುದುಕರ ಬೆನ್ನು ಸಡಿಲವಾಯಿತು. ಕುರ್ಚಿಯಲ್ಲೇ ಕಾಲು ಮುಂದೆ ಚಾಚಿ, ನೀರು ಎಳೆಯುವುದು ಮೊದಲು ಹಿಮ್ಮಡಿಗೆ ತಿಳಿಯುತ್ತದೆ, ಆಮೇಲೆ ಮೊಣಕಾಲಿಗೆ, ಮೊಣಕಾಲಿಗೆ ತಿಳಿಯುವ ಹೊತ್ತಿಗೆ ನೀನು ಪಕ್ಕಕ್ಕೆ ಬಂದಿರಬೇಕು ಎಂದು ತೋರಿಸಿದರು. ಬಾನುಲಿಯಲ್ಲಿ ತೋರಿಸಿದ್ದು ಕಾಣುವುದಿಲ್ಲ, ಆದರೆ ತೋರಿಸುತ್ತಾ ಆಡಿದ ಮಾತು ಕಾಣುತ್ತದೆ. ಹಾಗೇ ಇಪ್ಪತ್ತು ನಿಮಿಷ ಹೋಯಿತು.

ಕೊನೆಗೆ ಅವಳು ಕೇಳಿದ ಪ್ರಶ್ನೆ ನಾನು ಹೇಳಿಕೊಟ್ಟದ್ದಲ್ಲ. "ಕೆರೆಯಲ್ಲಿ ಅರ್ಧ ನೀರು ಇದ್ದಾಗ ಮೊದಲು ಯಾರ ಗದ್ದೆಗೆ ಬಿಡುತ್ತೀರಿ?"

"ಅಚ್ಚುಕಟ್ಟಿನ ಕೊನೆಯ ಗದ್ದೆಗೆ. ಅದೇ ಪದ್ಧತಿ."

"ಹಾಗೆಯೇ ನಡೆಯುತ್ತದೆಯೇ?"

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಡೆಯಬೇಕು" ಎಂದರು.

ಅವಳು ಮುಂದೆ ಕೆದಕಲಿಲ್ಲ. ದಿನಪತ್ರಿಕೆಯ ವರದಿಗಾರರಾಗಿದ್ದರೆ ಯಾರು ಅಡ್ಡ ಬಂದರು, ಹೆಸರು ಹೇಳಿ ಎಂದು ಪಟ್ಟು ಹಿಡಿಯುತ್ತಿದ್ದರು. ಇಲ್ಲಿ ಆ ಅಗತ್ಯವೇ ಇರಲಿಲ್ಲ. ಆ ಕೆರೆಯ ನೀರು ಕುಡಿದವರಿಗೆಲ್ಲ ಆ ಒಂದು ಶಬ್ದದಲ್ಲಿ ಹೆಸರು, ಸರ್ವೆ ನಂಬರು ಎಲ್ಲ ಕೇಳಿಸಿತು. ಕೇಳುವವರಿಗೆ ಅತಿಥಿ ಮೊದಲೇ ಗೊತ್ತು ಎಂದೆನಲ್ಲ, ಇದು ಅದರ ಲಾಭ. ದೂರದ ಕೇಳುಗರಿಗೆ ಮೂರು ಪುಟ ವಿವರಣೆ ಬೇಕಾದ ಕಡೆ ಹತ್ತಿರದವರಿಗೆ ಒಂದು ಕ್ರಿಯಾಪದ ಸಾಕು.

ಈಗಾಗಲೇ ಪ್ರಸಿದ್ಧರಾದ ಊರಿನವರನ್ನು ಮಾತಾಡಿಸುವುದು ಇನ್ನೊಂದು ಬಗೆಯ ಕಷ್ಟ. ಹರೇಕಳ ಹಾಜಬ್ಬನವರನ್ನು ತೆಗೆದುಕೊಳ್ಳಿ. ಮಂಗಳೂರಿನಲ್ಲಿ ಕಿತ್ತಳೆ ಮಾರಿ, ಆ ದುಡ್ಡಿನಿಂದ ತಮ್ಮ ಊರಿಗೆ ಶಾಲೆ ತಂದವರು, ಪದ್ಮಶ್ರೀ ಪಡೆದವರು. ವಿದೇಶೀಯರು ಇಂಗ್ಲಿಷಿನಲ್ಲಿ ಹಣ್ಣಿನ ಬೆಲೆ ಕೇಳಿದಾಗ ಉತ್ತರಿಸಲು ಆಗದೆ ನೊಂದ ಕಥೆ ನಾಡಿಗೆಲ್ಲ ಗೊತ್ತು. ಅದನ್ನೇ ಮತ್ತೆ ಹೇಳಿಸಿದರೆ ಅವರು ಪಾಪ, ಹೇಳುತ್ತಾರೆ. ಆದರೆ ಹರೇಕಳದ ಕೇಳುಗರಿಗೆ ಅದರಲ್ಲಿ ಹೊಸದೇನಿದೆ? ಅಲ್ಲಿ ಮೈಕು ಹಿಡಿಯುವವರು ಕೇಳಬೇಕಾದದ್ದು ಬೇರೆ. ಬುಟ್ಟಿ ಹೊತ್ತು ಬೆಳಿಗ್ಗೆ ಎಷ್ಟು ಹೊತ್ತಿಗೆ ಹೊರಡುತ್ತಿದ್ದಿರಿ? ಶಾಲೆಯ ಕೆಲಸಕ್ಕೆ ಕಚೇರಿಗೆ ಹೋದ ದಿನ ವ್ಯಾಪಾರ ಯಾರು ನೋಡಿಕೊಳ್ಳುತ್ತಿದ್ದರು? ಅರ್ಜಿ ಬರೆದುಕೊಟ್ಟವರು ಯಾರು? ನಿಮ್ಮ ಮಾತನ್ನು ಮೊದಲು ನಂಬಿದ ಅಧಿಕಾರಿ ಯಾರು, ನಂಬದೆ ಕಳಿಸಿದವರು ಏನೆಂದರು? ಅಂಕೋಲಾದ ಹೊನ್ನಳ್ಳಿಯ ತುಳಸಿ ಗೌಡರು ತೀರಿಕೊಂಡದ್ದು 2024ರ ಡಿಸೆಂಬರಿನಲ್ಲಿ. ಅರಣ್ಯ ಇಲಾಖೆಯ ಸಸ್ಯಪಾಲನೆಯಲ್ಲಿ ದಶಕಗಟ್ಟಲೆ ದುಡಿದು, ಯಾವ ಮರದ ಬೀಜವನ್ನು ಯಾವಾಗ ಹೆಕ್ಕಬೇಕು ಎಂದು ಕೈಯಲ್ಲಿ ತಿಳಿದುಕೊಂಡಿದ್ದವರು. ರಾಷ್ಟ್ರಪತಿ ಭವನಕ್ಕೆ ಬರಿಗಾಲಲ್ಲಿ ಹೋದ ಚಿತ್ರ ಎಲ್ಲರ ಮೊಬೈಲಿಗೂ ಬಂತು. ಬೀಜ ಒಣಗಿಸುವಾಗ ಬಿಸಿಲು ಎಷ್ಟಿರಬೇಕು, ಸಸಿ ಯಾವ ಎಲೆ ಬಂದಾಗ ಬದಲಿಸಬೇಕು ಎಂಬ ಲೆಕ್ಕ ಅವರ ಜೊತೆ ಎಷ್ಟು ಹೋಯಿತೋ. ನಿಮ್ಮ ತಾಲ್ಲೂಕಿನಲ್ಲೂ ಅಂಥವರು ಒಬ್ಬರಲ್ಲ ಒಬ್ಬರು ಇದ್ದಾರೆ. ಪ್ರಶಸ್ತಿ ಬರುವವರೆಗೆ ಕಾಯಬೇಡಿ.

ಒಪ್ಪಿಗೆಯ ಮಾತಿಗೆ ಬರುತ್ತೇನೆ ಎಂದಿದ್ದೆ. ಪ್ರಸಾರಕ್ಕೆ ಮೊದಲು ಅತಿಥಿಗೆ ಸಂಕಲನ ಮಾಡಿದ ಸಂದರ್ಶನ ಕೇಳಿಸಬೇಕೇ? ಪತ್ರಿಕೋದ್ಯಮ ಓದಿದವರು ಕೂಡದು ಎನ್ನುತ್ತಾರೆ. ನಾನು ಕೇಳಿಸಿ ಎನ್ನುತ್ತೇನೆ. ಆ ನೀರುಗಂಟಿ ಅಜ್ಜ ಮಾರನೆಯ ದಿನ ಅದೇ ಏರಿಯ ಮೇಲೆ ನಡೆಯಬೇಕು, ಅದೇ ಜನರ ಕಣದಲ್ಲಿ ಕಾಳು ಅಳೆಸಿಕೊಳ್ಳಬೇಕು. ನಾವು ಮೈಕು ಮಡಚಿಕೊಂಡು ಮನೆಗೆ ಹೋಗುತ್ತೇವೆ. ಅಧಿಕಾರದಲ್ಲಿ ಇರುವವರಿಗೆ, ಚುನಾಯಿತರಿಗೆ ಈ ಸವಲತ್ತು ಬೇಡ. ಅವರು ಆಡಿದ ಮಾತು ಆಡಿದ್ದೇ. ಉಳಿದವರಿಗೆ ಕೇಳಿಸಿ. ನೀವು ಹೆದರುವಷ್ಟು ಕತ್ತರಿ ಅವರು ಹಾಕಿಸುವುದಿಲ್ಲ. ಅಜ್ಜನಿಗೆ ಪೂರ್ತಿ ಕೇಳಿಸಿದಾಗ "ನಡೆಯಬೇಕು" ಎಂಬ ಮಾತನ್ನು ತೆಗೆಸುತ್ತಾರೆ ಎಂದುಕೊಂಡಿದ್ದೆವು. ಅವರು ಅದರ ಸುದ್ದಿಗೇ ಹೋಗಲಿಲ್ಲ. ತೂಬಿನ ಕೆಲಸ ಕಲಿಸಿದ ತಮ್ಮ ದೊಡ್ಡಪ್ಪನ ಹೆಸರು ಹೇಳುವುದು ಬಿಟ್ಟುಹೋಗಿದೆ, ಅದನ್ನು ಸೇರಿಸಲೇಬೇಕು ಎಂದರು. ಸೇರಿಸಿದೆವು.

ಇನ್ನೊಂದು ಮಾತು, ಇದನ್ನು ಕೇಂದ್ರ ನಡೆಸುವವರು ಗಮನವಿಟ್ಟು ಕೇಳಬೇಕು. ಪ್ರಸಾರವಾದ ಕಾರ್ಯಕ್ರಮವನ್ನು ಮೂರು ತಿಂಗಳು ಕಾಪಾಡಿ ಇಡಬೇಕು ಎಂಬುದು ಪರವಾನಗಿಯ ಷರತ್ತು. ದೂರು ಬಂದರೆ ಪರಿಶೀಲಿಸಲು ಅಷ್ಟು ಸಾಕು ಎಂದು ಸರ್ಕಾರ ಲೆಕ್ಕ ಹಾಕಿದೆ. ನಾವು ಮಾಡುವುದೇನು? ಮೂರು ತಿಂಗಳಾದ ಮೇಲೆ ಕಂಪ್ಯೂಟರಿನಲ್ಲಿ ಜಾಗವಿಲ್ಲ ಎಂದು ಅಳಿಸುತ್ತೇವೆ. ಟೇಪಿನ ಕಾಲದಲ್ಲಿ ಒಂದು ಸುರುಳಿಗೆ ಬೆಲೆ ಇತ್ತು, ಹಳೆಯದನ್ನು ಅಳಿಸಿ ಅದರ ಮೇಲೇ ಹೊಸದನ್ನು ಮುದ್ರಿಸುತ್ತಿದ್ದರು, ಹೀಗೆ ಹೋದ ದನಿಗಳನ್ನು ನೆನೆದರೆ ಹೊಟ್ಟೆ ಉರಿಯುತ್ತದೆ. ಆದರೆ ಆಗ ಬಡತನದ ಕಾರಣವಿತ್ತು. ಇವತ್ತು ಒಂದು ವರ್ಷದ ಸಂದರ್ಶನಗಳೆಲ್ಲ ಬೆರಳಗಲದ ಪೆನ್‌ಡ್ರೈವಿನಲ್ಲಿ ಹಿಡಿಯುತ್ತವೆ.

ಅಳಿಸದೆ ಇಟ್ಟರೂ ಸಾಲದು, ಹುಡುಕಿದರೆ ಸಿಗಬೇಕು. 'ಹೊಸದು 2', 'ಫೈನಲ್', 'ಫೈನಲ್ ಫೈನಲ್' ಎಂದು ಹೆಸರಿಟ್ಟ ಕಡತದಲ್ಲಿ ಯಾರಿದ್ದಾರೆ ಎಂದು ಮುಂದಿನ ವರ್ಷ ನಿಮಗೇ ಗೊತ್ತಾಗುವುದಿಲ್ಲ. ಅತಿಥಿಯ ಹೆಸರು, ಊರು, ದಿನಾಂಕ, ಸಂದರ್ಶಕರ ಹೆಸರು, ಇಷ್ಟನ್ನು ಕಡತದ ಹೆಸರಿನಲ್ಲೇ ಬರೆಯಿರಿ. ಜೊತೆಗೆ ಒಂದು ನೋಟುಪುಸ್ತಕದಲ್ಲಿ ಎಷ್ಟನೇ ನಿಮಿಷಕ್ಕೆ ಯಾವ ಮಾತು ಬರುತ್ತದೆ ಎಂದು ನಾಲ್ಕು ಸಾಲು. ಒಂದು ಪ್ರತಿ ಕೇಂದ್ರದಲ್ಲಿ, ಒಂದು ಪ್ರತಿ ಊರಿನ ಗ್ರಂಥಾಲಯದಲ್ಲಿ, ಒಂದು ಪ್ರತಿ ಅತಿಥಿಯ ಮನೆಯಲ್ಲಿ. ಅತಿಥಿಗೆ ಸಂಭಾವನೆ ಕೊಡುವ ಶಕ್ತಿ ನಮ್ಮ ಹೆಚ್ಚಿನ ಕೇಂದ್ರಗಳಿಗೆ ಇಲ್ಲ, ಅವರ ದನಿಯನ್ನಾದರೂ ಅವರಿಗೆ ಕೊಡೋಣ. ದೊಡ್ಡ ನಿಲಯಗಳ ಪ್ರಸಾರ ಈಗ ಮೊಬೈಲ್ ಆ್ಯಪಿನಲ್ಲಿ ಸಿಗುವುದರಿಂದ ದುಬೈನಲ್ಲಿರುವ ಮಗ ಮಂಗಳೂರು ಆಕಾಶವಾಣಿ ಕೇಳುತ್ತಾನೆ. ನಮ್ಮ ಪುಟ್ಟ ಕೇಂದ್ರದ್ದನ್ನು ಕೇಳಬೇಕಾದರೆ ಯಾರಾದರೂ ಆ ಕಡತವನ್ನು ಕಳಿಸಬೇಕು. ಕಳಿಸಲು ಅದು ಇರಬೇಕು.

ಊಟವಾದ ಮೇಲೆ ಅಭ್ಯಾಸಕ್ಕೆ ಕೂರೋಣ. ಇಬ್ಬಿಬ್ಬರಾಗಿ ಜೋಡಿ ಮಾಡಿಕೊಳ್ಳಿ, ಪರಿಚಯ ಇರುವವರನ್ನೇ ಆರಿಸಿಕೊಳ್ಳಿ, ಗುರುತಿಲ್ಲದವರು ಬೇಡ. ಒಬ್ಬರು ಇನ್ನೊಬ್ಬರ ಕೈಕೆಲಸದ ಬಗ್ಗೆ ಏಳು ನಿಮಿಷ ಮಾತಾಡಿಸಬೇಕು. ಅಡುಗೆ, ಟೈಲರಿಂಗ್, ಟ್ರ್ಯಾಕ್ಟರ್ ರಿಪೇರಿ, ಟ್ಯೂಷನ್, ಯಾವುದಾದರೂ ಸರಿ. ಪರಿಚಯಕ್ಕೆ ಎರಡು ವಾಕ್ಯ. ಪ್ರೇರಣೆ, ಸಂದೇಶ, ಕಿವಿಮಾತು ಈ ಮೂರು ಶಬ್ದ ಯಾರ ಬಾಯಲ್ಲಿ ಬಂದರೂ ಧ್ವನಿಮುದ್ರಣವನ್ನು ಅಲ್ಲೇ ನಿಲ್ಲಿಸಿ ಮೊದಲಿನಿಂದ ಶುರು ಮಾಡಿಸುತ್ತೇನೆ. ಮೈಕುಗಳು ಆರೇ ಇವೆ, ಬೇಗ ಊಟ ಮಾಡಿ ಬಂದವರಿಗೆ ಮೊದಲು.